ಕತ್ತಲೆಯನ್ನು ಎಲ್ಲಿಂದ ತಂದೆ?

ಬೆಟ್ಟದ ಮೇಲೆ ಒಂದು ವೀಕ್ಷಣಾಲಯ. ಅಲ್ಲಿ ಭದ್ರಪ್ಪ ಮೇಷ್ಟ್ರು ಎಂಬ ಹಿರಿಯ ಖಗೋಳ ವಿಜ್ಞಾನಿ ಇದ್ದರು. ಅವರಿಗೆ ಇಬ್ಬರು ಶಿಷ್ಯರು. ಹಿರಿಯವಳು ಐರಿನ್, ಮಂಗಳೂರಿನ ಕಡೆಯವಳು. ಕಿರಿಯವನು ಮಲ್ಲನಗೌಡ, ಬಾಗಲಕೋಟೆಯ ಕಡೆಯವನು. ಗುರುಶಿಷ್ಯರ ಕಥೆ ಎಂದಕೂಡಲೇ ಆಶ್ರಮ, ಜಿಂಕೆ, ಸೌದೆ ಹೊರೆ ಎಂದೆಲ್ಲ ಕಾಯಬೇಡಿ. ಇಲ್ಲಿರುವುದು ಒಂದು ಕೋಣೆ, ಕೆಲವು ಕಂಪ್ಯೂಟರು, ಫ್ಲಾಸ್ಕಿನಲ್ಲಿ ಕಾಫಿ, ಕಿಟಕಿಯಾಚೆ ಮೇಯುತ್ತಿರುವ ಎಮ್ಮೆಗಳು.

ಇವರ ಕೆಲಸ ಗೆಲಾಕ್ಸಿಗಳನ್ನು ಅಳೆಯುವುದು. ಗೆಲಾಕ್ಸಿ ಎಂದರೆ ಕೋಟಿ ಕೋಟಿ ನಕ್ಷತ್ರಗಳ ಒಂದು ಊರು. ಕೆಲವು ಸುರುಳಿ ಸುತ್ತಿಕೊಂಡಿರುತ್ತವೆ. ಕೆಲವು ಮೊಟ್ಟೆಯ ಆಕಾರದಲ್ಲಿ ನುಣ್ಣಗಿರುತ್ತವೆ. ಈ ಅಂಡಾಕಾರದ ಗೆಲಾಕ್ಸಿಗಳಿಗೆ ಗುಂಪು ಕಟ್ಟಿಕೊಂಡು ಬಾಳುವ ಅಭ್ಯಾಸ. ಗುಂಪಿನ ನಡುವೆ ಸಾಮಾನ್ಯವಾಗಿ ಒಂದು ದೊಡ್ಡದು ಯಜಮಾನನ ಹಾಗೆ ಕೂತಿರುತ್ತದೆ. ಅದರ ಬೆಳಕೆಷ್ಟು, ಗಾತ್ರವೆಷ್ಟು ಎಂದು ಹೇಳುವುದು ಕಷ್ಟ, ಏಕೆಂದರೆ ಅದಕ್ಕೆ ಅಂಚೇ ಇಲ್ಲ. ನಡುವೆ ಚೆನ್ನಾಗಿ ಬೆಳಗುತ್ತದೆ. ಹೊರಗೆ ಹೋದಂತೆಲ್ಲ ಮಸುಕಾಗುತ್ತ ಮಸುಕಾಗುತ್ತ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಕತ್ತಲೆಯಲ್ಲಿ ಸೇರಿಹೋಗುತ್ತದೆ.

ಇನ್ನೊಂದು ತೊಡಕೂ ಇದೆ. ಆಕಾಶಕ್ಕೂ ತನ್ನದೇ ಒಂದಿಷ್ಟು ಮಂದ ಬೆಳಕಿರುತ್ತದೆ. ಆದ್ದರಿಂದ ಅಳೆಯುವವರು ಮೊದಲು ಏನೂ ಇಲ್ಲದ ಒಂದು ಕಪ್ಪು ಜಾಗವನ್ನು ಹುಡುಕುತ್ತಾರೆ. ಅಲ್ಲಿ ಆಕಾಶದ ಬೆಳಕು ಎಷ್ಟಿದೆಯೋ ಅಷ್ಟನ್ನು ಗೆಲಾಕ್ಸಿಯ ಬೆಳಕಿನಿಂದ ಕಳೆಯುತ್ತಾರೆ. ತುಪ್ಪ ತೂಗುವಾಗ ಖಾಲಿ ಪಾತ್ರೆಯ ತೂಕ ಕಳೆಯುವುದಿಲ್ಲವೇ, ಹಾಗೆ. ಉಳಿದದ್ದು ಗೆಲಾಕ್ಸಿಯದ್ದು.

ಐರಿನ್ ಅಂಥ ಒಂದು ಯಜಮಾನ ಗೆಲಾಕ್ಸಿಯನ್ನು ವರ್ಷಗಟ್ಟಲೆ ಅಳೆದಿದ್ದಳು. ಎಲ್ಲರೂ ತಿಳಿದದ್ದಕ್ಕಿಂತ ಅದು ಬಹಳ ದೊಡ್ಡದು, ಅದರ ಮಸುಕು ಬೆಳಕು ಬಹು ದೂರ ಹರಡಿದೆ ಎಂಬುದು ಅವಳ ಮಾತು. ಅದನ್ನು ಖಚಿತಪಡಿಸಿಕೊಳ್ಳಲು ದೊಡ್ಡ ದೂರದರ್ಶಕದಲ್ಲಿ ಕೆಲವು ರಾತ್ರಿಗಳು ಬೇಕೆಂದು ಅರ್ಜಿ ಹಾಕಿದ್ದಳು. ದೂರದರ್ಶಕ ಒಂದೇ, ಕೇಳುವವರು ಹಲವರು. ಯಾರಿಗೆ ಎಂದು ಒಂದು ಸಮಿತಿ ತೀರ್ಮಾನಿಸಬೇಕು. ಈ ಸಲ ತಪ್ಪಿದರೆ ಆ ಗೆಲಾಕ್ಸಿ ಗುಂಪು ಮತ್ತೆ ಚೆನ್ನಾಗಿ ಕಾಣುವುದು ಮುಂದಿನ ವರ್ಷ. ಅಷ್ಟರಲ್ಲಿ ಐರಿನ್‌ಳ ಅವಧಿ ಮುಗಿದು ಅವಳು ಬೆಟ್ಟ ಇಳಿಯಬೇಕಾಗಿತ್ತು. ಮಾಡಿದ ಕೆಲಸವೆಲ್ಲ ಅರ್ಧಕ್ಕೇ ನಿಲ್ಲುತ್ತಿತ್ತು.

ಅರ್ಜಿ ಹಾಕಿದವರಲ್ಲಿ ಮಲ್ಲನಗೌಡನೂ ಒಬ್ಬ. ಐರಿನ್‌ಗೆ ಸಿಗದಿದ್ದರೆ ಆ ರಾತ್ರಿಗಳು ಅವನಿಗೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಹುಡುಗ ಚುರುಕು, ಬುದ್ಧಿವಂತ, ಅವಸರ ಮಾತ್ರ ಸ್ವಲ್ಪ ಹೆಚ್ಚು. ಗುಂಪಿನ ಎಲ್ಲ ಗೆಲಾಕ್ಸಿಗಳನ್ನೂ ಚಿಟಿಕೆ ಹೊಡೆಯುವಷ್ಟರಲ್ಲಿ ಅಳೆಯುವ ಒಂದು ಪ್ರೋಗ್ರಾಂ ಬರೆದಿದ್ದ. ಅವನ ಅರ್ಜಿಯೂ ಅದರ ಅಳತೆಯ ಮೇಲೆಯೇ ನಿಂತಿತ್ತು. ಸಮಿತಿ ಸೇರುವ ಹಿಂದಿನ ದಿನ ಅದರ ಉತ್ತರ ಹಿಡಿದುಕೊಂಡು ಕೋಣೆಗೆ ಬಂದ.

“ಅಕ್ಕಾರ, ನಿಮ್ಮ ಗೆಲಾಕ್ಸಿ ನೀವು ಹೇಳಿದಷ್ಟು ದೊಡ್ಡದಿಲ್ಲರಿ. ಅದರ ಅರ್ಧಾನೂ ಇಲ್ಲ,” ಎಂದ.

“ಹೌದಾ ಮಾರಾಯ? ಹಾಗಾದ್ರೆ ಇಷ್ಟು ವರ್ಷ ನಾನು ಅಳೆದದ್ದು ಎಂತದನ್ನು?” ಎಂದಳು ಐರಿನ್. ತಮಾಷೆಯ ಧಾಟಿಯಲ್ಲೇ ಕೇಳಿದಳು. ಆದರೆ ಕೈಯಲ್ಲಿದ್ದ ಕಾಫಿಯನ್ನು ಕುಡಿಯದೆ ಕೆಳಗಿಟ್ಟಳು.

ಮಲ್ಲನಗೌಡನಿಗೆ ಒಳಗೊಳಗೇ ಖುಷಿಯಾಗಿತ್ತು. ದೊಡ್ಡವರ ತಪ್ಪು ಹಿಡಿಯುವುದು ಹೋಳಿಗೆ ಊಟಕ್ಕಿಂತ ರುಚಿ. ಅದರಲ್ಲಿ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ, ನಾವೂ ನೀವೂ ಉಂಡವರೇ.

ಅಲ್ಲೇ ಕೂತಿದ್ದ ಮೇಷ್ಟ್ರು ಪರದೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಸರಿ ಕಣಪ್ಪ. ಕತ್ತಲೆಯನ್ನ ಎಲ್ಲಿಂದ ತಂದೆ?” ಎಂದು ಕೇಳಿದರು.

“ಅಲ್ಲೇ ಬಾಜೂಕರಿ ಸರ. ಗೆಲಾಕ್ಸಿ ಸುತ್ತ ಎಲ್ಲಾ ಕಪ್ಪಗ ಐತಿ ನೋಡ್ರಿ. ಪ್ರೋಗ್ರಾಂ ತಾನ ಹುಡುಕಿ ತಗೋತೈತಿ.”

“ಕಳ್ಳನನ್ನ ಬಿಟ್ಟು ನೋಡಿದೆಯಾ?”

ಈ ಕಳ್ಳ ಯಾರೆಂದು ಹೇಳಬೇಕು. ಆ ಕೋಣೆಯಲ್ಲಿ ಒಂದು ರೂಢಿಯಿತ್ತು. ಯಾವ ಅಳತೆಯೂ ಹೊರಗೆ ಹೋಗುವ ಮೊದಲು, ಕಂಪ್ಯೂಟರಿನಲ್ಲಿ ಒಂದು ಸುಳ್ಳು ಗೆಲಾಕ್ಸಿಯನ್ನು ಮಾಡಿ ಚಿತ್ರದೊಳಗೆ ನಿಜವಾದವುಗಳ ಜೊತೆ ಸೇರಿಸಬೇಕು. ಅದರ ಗಾತ್ರ, ಬೆಳಕು ಎರಡೂ ಮೊದಲೇ ಗೊತ್ತು, ತಾವೇ ಮಾಡಿದ್ದಲ್ಲವೇ. ಆಮೇಲೆ ಅದನ್ನು ಅಳೆದು, ಗೊತ್ತಿರುವ ಉತ್ತರವೇ ಬರುತ್ತದೆಯೇ ಎಂದು ನೋಡಬೇಕು. ಬಂದರೆ ಅಳತೆ ಸರಿ. ಗುಂಪಿನೊಳಗೆ ನುಸುಳಿದ ಈ ಗೆಲಾಕ್ಸಿಗೆ ಅವರು ಕಳ್ಳ ಎಂದು ಹೆಸರಿಟ್ಟಿದ್ದರು.

“ಬಿಟ್ಟೇನ್ರಿ ಸರ. ಹತ್ತಿಪ್ಪತ್ತು ಕಳ್ಳರನ್ನ ಬಿಟ್ಟೇನಿ. ಎಲ್ಲಾರೂ ಬರೋಬ್ಬರಿ ಸಿಕ್ಕಾರ.”

“ಎಂಥ ಕಳ್ಳರು? ಎಲ್ಲಿ ಬಿಟ್ಟೆ?”

“ಸಣ್ಣವ್ರು ರೀ. ಆ ಮೂಲ್ಯಾಗ ಖಾಲಿ ಜಾಗ ಐತಲ್ರಿ, ಅಲ್ಲಿ.”

ಮೇಷ್ಟ್ರು ನಕ್ಕರು. “ಖಾಲಿ ಬೀದೀಲಿ ಸಣ್ಣ ಕಳ್ಳನನ್ನ ಹಿಡಿಯೋದು ದೊಡ್ಡ ವಿಷಯ ಅಲ್ಲಪ್ಪ. ಸಂತೆ ಮಧ್ಯೆ ಒಬ್ಬ ದಢೂತಿ ಕಳ್ಳನನ್ನ ಬಿಟ್ಟು ನೋಡು. ನಾಳೆ ಮಧ್ಯಾಹ್ನ ಸಮಿತಿ. ಅಷ್ಟರೊಳಗೆ ಆಗಲಿ,” ಎಂದು ಹೇಳಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಮಲ್ಲನಗೌಡ ಒಬ್ಬನೇ ಕೋಣೆಯಲ್ಲಿ ಕೂತ. ಐರಿನ್ ಹೇಳಿದಷ್ಟೇ ದೊಡ್ಡದಾದ ಒಂದು ಸುಳ್ಳು ಗೆಲಾಕ್ಸಿಯನ್ನು ಮಾಡಿ ಗುಂಪಿನ ನಡುವೆ ಬಿಟ್ಟ. ಪ್ರೋಗ್ರಾಂ ಅದನ್ನು ಅಳೆಯಿತು. ಇದ್ದದ್ದರಲ್ಲಿ ಅರ್ಧವೂ ಬರಲಿಲ್ಲ. ಏನೋ ಎಡವಟ್ಟಾಗಿರಬೇಕೆಂದು ಜಾಗ ಬದಲಾಯಿಸಿದ. ಮತ್ತೆ ಅದೇ ಉತ್ತರ. ತನ್ನ ಕೈಯಾರೆ ಮಾಡಿದ ಗೆಲಾಕ್ಸಿಯನ್ನು ತನ್ನದೇ ಪ್ರೋಗ್ರಾಂ ಕಣ್ಣೆದುರಿಗೇ ಕತ್ತರಿಸುತ್ತಿತ್ತು.

ಅಳೆದೂ ಸುರಿದೂ ಕೊನೆಗೆ ತಪ್ಪು ಎಲ್ಲಿದೆ ಎಂದು ಒಪ್ಪಿಕೊಂಡ. ಪಕ್ಕದ ಕಪ್ಪು ಜಾಗ ಖಾಲಿ ಜಾಗವಾಗಿರಲಿಲ್ಲ. ಗೆಲಾಕ್ಸಿಯ ಮಸುಕು ಬೆಳಕೇ ಅಲ್ಲೆಲ್ಲ ಹರಡಿತ್ತು. ಪಾತ್ರೆಯ ತಳಕ್ಕೆ ತುಪ್ಪ ಮೆತ್ತಿರುವಾಗಲೇ ಇವನು ಖಾಲಿ ಪಾತ್ರೆ ಎಂದು ತೂಗಿದ್ದ. ಆ ತುಪ್ಪವನ್ನೂ ಪಾತ್ರೆಯ ಲೆಕ್ಕಕ್ಕೆ ಹಾಕಿ ಕಳೆದಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಕಪ್ಪಗಿರುವುದೆಲ್ಲ ಕತ್ತಲೆಯಲ್ಲ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನು ನೋಡಿದವರು ಯಾರೂ ಇರಲಿಲ್ಲ. ಕಿಟಕಿಯಾಚೆ ಎಮ್ಮೆಗಳಿದ್ದವು, ಅವು ಯಾವ ಸಮಿತಿಗೂ ಹೇಳುವ ಪೈಕಿಯಲ್ಲ.

ಅಷ್ಟರಲ್ಲಿ ಐರಿನ್ ಬಂದಳು. ಅವನ ಮುಂದೆ ಒಂದು ಡಬ್ಬಿ ಇಟ್ಟಳು.

“ನೀರುದೋಸೆ ಉಂಟು, ತಿನ್ನು. ಬೆಳಿಗ್ಗೆಯಿಂದ ಇಲ್ಲೇ ಇದ್ದೀಯಂತೆ,” ಎಂದಳು. ಆಮೇಲೆ, “ನಾನು ಅರ್ಜಿ ವಾಪಸ್ ತಗೊಳ್ತೇನೆ ಮಾರಾಯ. ತಪ್ಪು ಅಳತೆ ಹಿಡ್ಕೊಂಡು ಅಷ್ಟು ರಾತ್ರಿ ಕೇಳುವುದು ಸರಿಯಲ್ಲ. ಆ ರಾತ್ರಿ ನಿನಗೆ ಸಿಕ್ಕಿದರೆ ಒಳ್ಳೆಯದೇ,” ಎಂದಳು.

ಈಗ ನೋಡಿ. ಮಲ್ಲನಗೌಡ ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ದೋಸೆ ತಿಂದರೆ ಸಾಕಿತ್ತು. ದೂರದರ್ಶಕ ಅವನದಾಗುತ್ತಿತ್ತು, ಐರಿನ್ ತಾನಾಗಿಯೇ ಬೆಟ್ಟ ಇಳಿದು ಹೋಗುತ್ತಿದ್ದಳು, ಒಳ್ಳೆಯ ಮಾತನ್ನೇ ಆಡುತ್ತ.

ಅವನು ಡಬ್ಬಿಯ ಮುಚ್ಚಳ ತೆಗೆದ. ಮತ್ತೆ ಮುಚ್ಚಿದ.

“ಅಕ್ಕಾರ, ಕುಂದ್ರಿ ಸ್ವಲ್ಪ. ನಿಮ್ಮ ಗೆಲಾಕ್ಸಿ ಸಣ್ಣದಲ್ಲರಿ. ನಾ ತಂದಿದ್ದು ಕತ್ತಲಿ ಅಲ್ಲ. ಅದೂ ನಿಮ್ಮ ಗೆಲಾಕ್ಸೀದ ಬೆಳಕ ಐತಿ,” ಎಂದ.

ಐರಿನ್ ಪರದೆಯನ್ನು ನೋಡಿದಳು. ಕಳ್ಳನ ಗಾತ್ರ ನೋಡಿದಳು, ಪ್ರೋಗ್ರಾಂ ಕೊಟ್ಟ ಉತ್ತರ ನೋಡಿದಳು. ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.

ಸಮಿತಿಗೆ ಇನ್ನೂ ಹೊತ್ತಿತ್ತು. ಮೇಷ್ಟ್ರೂ ಬಂದರು. ಮೂವರೂ ಸೇರಿ ಗುಂಪಿನಿಂದ ಬಹಳ ದೂರದ, ಬೇರೆಯದೇ ಒಂದು ಚಿತ್ರದಿಂದ ಕತ್ತಲೆಯನ್ನು ತಂದು ಮೊದಲಿನಿಂದ ಅಳೆದರು. ಈ ಸಲ ಕಳ್ಳ ಸರಿಯಾಗಿ ಸಿಕ್ಕಿದ. ಆಮೇಲೆ ನಿಜವಾದ ಯಜಮಾನನನ್ನು ಅಳೆದರು. ಅದು ಐರಿನ್ ಹೇಳಿದ್ದಕ್ಕಿಂತಲೂ ದೊಡ್ಡದಾಗಿತ್ತು. ಅವಳು ಕತ್ತಲೆಗಾಗಿ ಮಲ್ಲನಗೌಡನಿಗಿಂತ ದೂರ ಹೋಗಿದ್ದಳು. ಆದರೂ ಸಾಕಷ್ಟು ದೂರ ಹೋಗಿರಲಿಲ್ಲ.

“ನಾನೂ ಸ್ವಲ್ಪ ಕಳೆದುಬಿಟ್ಟಿದ್ದೆ ಅಲ್ವಾ,” ಎಂದಳು ಐರಿನ್.

“ಇನ್ನೂ ದೂರ ಹೋದ್ರೆ ಇನ್ನೂ ದೊಡ್ಡದಾಗಬಹುದು ಕಣಮ್ಮ. ಅಂಚು ಅನ್ನೋದು ಅದರದ್ದಲ್ಲ, ನಮ್ಮ ತಾಳ್ಮೆದು,” ಎಂದರು ಮೇಷ್ಟ್ರು.

ಮಧ್ಯಾಹ್ನ ಸಮಿತಿಯ ಮುಂದೆ ಮಲ್ಲನಗೌಡ ಎದ್ದು ನಿಂತ. ತನ್ನ ಅಳತೆ ತಪ್ಪು, ಹೇಗೆ ತಪ್ಪು ಎಂದು ಚಿತ್ರ ತೋರಿಸಿ ಹೇಳಿದ. ಸಮಿತಿಯವರೊಬ್ಬರು, “ಹಾಗಾದರೆ ಅದೇ ಅಳತೆಯ ಮೇಲೆ ಹಾಕಿದ ನಿಮ್ಮ ಅರ್ಜಿ?” ಎಂದು ಕೇಳಿದರು. “ವಾಪಸ್ ತಗೊಂಡೇನ್ರಿ,” ಎಂದು ಕೂತ. ರಾತ್ರಿಗಳು ಐರಿನ್‌ಗೆ ಸಿಕ್ಕವು.

ಹೊರಗೆ ಮೆಟ್ಟಿಲಿಳಿಯುವಾಗ ಐರಿನ್ ಅವನನ್ನು ಕರೆದಳು.

“ದೂರದರ್ಶಕಕ್ಕೆ ನೀನೂ ಬರಬೇಕು. ಕತ್ತಲೆ ತರುವ ಕೆಲಸ ನಿನ್ನದು.”

ಮಲ್ಲನಗೌಡ ನಿಂತುಬಿಟ್ಟ. “ನನ್ನ ಮ್ಯಾಲ ನಂಬಿಕಿ ಐತೇನ್ರಿ ಅಕ್ಕಾರ, ಇಷ್ಟಾದ ಮ್ಯಾಲೂ?”

“ದಢೂತಿ ಕಳ್ಳನನ್ನು ಹಿಡಿದುಕೊಟ್ಟವ ನೀನೇ ಅಲ್ವಾ ಮಾರಾಯ,” ಎಂದಳು ಐರಿನ್. “ಬಾ, ದೋಸೆ ತಣ್ಣಗಾಗಿದೆ. ಆದರೂ ತಿನ್ನುವ.”

ನೀತಿ: ಇನ್ನೊಬ್ಬರನ್ನು ಚಿಕ್ಕವರೆಂದು ಅಳೆಯುವ ಮೊದಲು ನಮ್ಮ ಸೊನ್ನೆಯನ್ನು ಎಲ್ಲಿಟ್ಟಿದ್ದೇವೆ ಎಂದು ನೋಡಿಕೊಳ್ಳಬೇಕು. ಏನೂ ಇಲ್ಲ ಎಂದು ನಾವು ಕಳೆದುಹಾಕಿದ ಜಾಗದಲ್ಲೇ ಅವರ ಅರ್ಧ ಬೆಳಕು ಇರಬಹುದು. ಅಳತೆ ತಪ್ಪಿದೆಯೆಂದು ತಿಳಿದ ಮೇಲೆ ಸುಮ್ಮನಿದ್ದರೆ, ಅದು ಬರೀ ತಪ್ಪಲ್ಲ, ಕಳ್ಳತನ.