ಕಡಲಿಗೆ ಹಾಕಿದ ಬೇಲಿ

ಕುಂದಾಪುರದಿಂದ ಬಡಗು ದಿಕ್ಕಿಗೆ ಕಡಲಗುಂಟ ಹೋದರೆ ಚಂದುಬೇಲಿ ಎಂಬ ಸಣ್ಣ ತೀರ ಸಿಗುತ್ತದೆ. ದಡದಿಂದ ಕೂಗಳತೆಯೊಳಗೆ ಕರಿಬಂಡೆಗಳ ಸಾಲೊಂದು ನೀರಿನಲ್ಲಿ ಅರೆಮುಳುಗಿ ನಿಂತಿದೆ. ಅಬ್ಬರಿಸಿ ಬಂದ ತೆರೆ ಅಲ್ಲಿ ಒಡೆದು, ಈಚೆಗೆ ಬರುವಷ್ಟರಲ್ಲಿ ಮಗುವಿನ ಮೊಣಕಾಲು ಮುಟ್ಟಲೂ ನಾಚುತ್ತದೆ. ಎಳೆಮಕ್ಕಳಿದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಇಲ್ಲಿಗೇ ಬರುತ್ತಾರೆ. ಗದ್ದೆಗೆ ಬೇಲಿ ಸರಿ, ಕಡಲಿಗೂ ಬೇಲಿಯೇ ಎಂದು ಕೇಳಿದರೆ ಊರ ಹಿರಿಯರು ಹೆಂಗಸೊಬ್ಬಳ ಸಿಟ್ಟಿನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಇಲ್ಲಿಯ ಮೀನುಗಾರರ ಕೇರಿಗೆ ಚಂದು ಎಂಬವಳು ಸೊಸೆಯಾಗಿ ಬಂದಳಂತೆ. ತವರಿನಲ್ಲಿ ಅಣ್ಣಂದಿರ ಸಮಕ್ಕೆ ರಂಪಣಿ ಬಲೆಯ ಹಗ್ಗ ಎಳೆದ ತೋಳು ಅವಳದು. ಈ ಕೇರಿಯಲ್ಲೂ ಬಲೆ ಬಿಟ್ಟ ದಿನ ಗಂಡು ಹೆಣ್ಣೆನ್ನದೆ ಎಲ್ಲರೂ ದಡದಲ್ಲಿ ನಿಂತು ಹಗ್ಗ ಎಳೆಯುವರು. ಎಳೆದವರಿಗೆ ಮೀನಿನಲ್ಲಿ ಪಾಲು, ಊರಲ್ಲಿ ಮಾತಿಗೆ ಬೆಲೆ. ಚಂದುವಿನ ಪಾಲಿಗೆ ಮಾತ್ರ ಕೇರಿಯ ಅಷ್ಟೂ ಮಕ್ಕಳನ್ನು ಕಾಯುವ ಕೆಲಸ. ಮಡಿಲು ತುಂಬದವಳಿಗೆ ಮತ್ತೇನು ಕೆಲಸ ಎಂಬುದು ಕೇರಿಯವರ ಲೆಕ್ಕ. ಮಕ್ಕಳೋ, ತಕ್ಕಡಿಗೆ ಹಾಕಿದ ಕಪ್ಪೆಗಳು. ಒಂದರ ಬಾಯಿಂದ ಮರಳು ತೆಗೆಯುವಷ್ಟರಲ್ಲಿ ಇನ್ನೊಂದು ನೀರಿಗೆ, ಅದನ್ನು ಎಳೆದು ತರುವಷ್ಟರಲ್ಲಿ ಮತ್ತೊಂದು ಏಡಿಯ ಬಿಲಕ್ಕೆ ಕೈಹಾಕಿ ಬೊಬ್ಬೆ. ಕೂಗಿ ಕೂಗಿ ಗಂಟಲು ಹರಿದು, ಸಂಜೆ ಸಿಗುತ್ತಿದ್ದುದು ಉಳಿದ ಪುಡಿಮೀನು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಬಲೆಗೆ ಭಾರಿ ಹಿಂಡು ಬಿತ್ತು. ಕೈ ಸಾಲದು ಎಂಬ ಕೂಗು ಕೇಳಿ ಚಂದು ಓಡಿ ಹೋದಳು. ಬಲೆಯ ಮುಖಂಡ ಕೋಟಿ ತಂಡೇಲ ನಕ್ಕುಬಿಟ್ಟ. "ಹೆಣ್ಣೇ, ನೀನೂ ಹಗ್ಗ ಹಿಡದ್ರೆ ಮಕ್ಳನ್ನ್ ಕಾಂಬುದ್ ಯಾರ್? ಕಡ್ಲಾ?"

ನಕ್ಕವರ ಮುಖವನ್ನೆಲ್ಲ ಒಮ್ಮೆ ನೋಡಿ ಅವಳು ತಿರುಗಿ ನಡೆದಳು. ಬಲೆ ಒಣಗಿಸುವ ಗೂಟಗಳನ್ನು ಕಿತ್ತು ನೀರಿನಲ್ಲಿ ಸಾಲಾಗಿ ನೆಟ್ಟಳು, ಹರಿದ ಬಲೆಯೊಂದನ್ನು ಅದಕ್ಕೆ ಬಿಗಿದಳು, ಮಕ್ಕಳನ್ನು ಈಚೆ ಕೂರಿಸಿದಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಡಲಿಗೇ ಗದರಿದಳಂತೆ: "ಕೇಂಡ್ಯಾ? ಇಷ್ಟ್ ದಿನ ನಾ ಕಂಡದ್ದ್ ಸಾಕ್. ಇವತ್ತ್ ನೀ ಕಾಣ್!" ಬಂದು ಹಗ್ಗಕ್ಕೆ ಕೈಯಿಟ್ಟಳು. ತಡೆಯಲು ಯಾರಿಗೂ ಪುರುಸೊತ್ತಿರಲಿಲ್ಲ.

ಅಷ್ಟರಲ್ಲಿ ತೆಂಗಿನೆತ್ತರದ ತೆರೆಯೊಂದು ಎದ್ದಿತು. ಮಕ್ಕಳತ್ತಲೇ ಹೊರಟ ಅದನ್ನು ಕಂಡು ತಾಯಂದಿರು ಹಗ್ಗ ಬಿಟ್ಟು ಓಡಿದರು, ಗಂಡಸರೂ ಓಡಿದರು. ಎಲ್ಲರ ಬಾಯಲ್ಲೂ ಚಂದುವಿಗೆ ಶಾಪ. ತೆರೆ ಗೂಟಗಳ ತನಕ ಬಂದು, ಬೈಸಿಕೊಂಡ ಮಗುವಿನಂತೆ ಅಲ್ಲೇ ಕುಸಿದು ಕೂತಿತು ಎನ್ನುತ್ತಾರೆ. ಮಕ್ಕಳು ಅಂಗೈಯಲ್ಲಿ ನೊರೆ ಹಿಡಿದು ನಗುತ್ತಿದ್ದವು. ಮಕ್ಕಳನ್ನು ಎತ್ತಿಕೊಂಡು ತಿರುಗಿದಾಗ ಊರಿಗೆ ಬಲೆಯ ನೆನಪಾಯಿತು. ಬಲೆ ಹೋಗಿರಲಿಲ್ಲ. ಚಂದು ಒಬ್ಬಳೇ ತೊಡೆಯತನಕ ಮರಳಲ್ಲಿ ಹೂತು, ಅಂಗೈಯಿಂದ ರಕ್ತ ಸುರಿಸುತ್ತ ಹಗ್ಗ ಹಿಡಿದು ನಿಂತಿದ್ದಳು. ಕೋಟಿ ತಂಡೇಲ ಬಂದು ಅವಳ ಹಿಂದೆ ಹಗ್ಗ ಹಿಡಿದ. ಹಗ್ಗದ ಮುಂದಿನ ಜಾಗ ಅಂದಿನಿಂದ ಅವಳದಾಯಿತು.

ಆ ಗೂಟಗಳೇ ಕಲ್ಲಾದವಂತೆ. ಇಂದಿಗೂ ಹೋದವರು ನೋಡಬಹುದು: ಬೇಲಿಯ ಈಚೆ ಮಕ್ಕಳು ನೀರಾಟದಲ್ಲಿ, ಗಂಡಸರು ಎಮ್ಮೆಗಳ ಹಾಗೆ ನೀರಲ್ಲಿ. ದಡದಲ್ಲಿ ಎಲ್ಲರ ಚಪ್ಪಲಿ, ಚೀಲ, ಟವೆಲು ಕಾಯುತ್ತ, ಗಂಟಲು ಹರಿಯುವಂತೆ ಮಕ್ಕಳ ಹೆಸರು ಕೂಗುತ್ತ ಮನೆಗೊಬ್ಬಳು ಹೆಂಗಸು ಕೂತಿರುತ್ತಾಳೆ. ಅವಳ ಸೀರೆಯ ಅಂಚು ಒಣಗಿಯೇ ಇರುತ್ತದೆ. ಎಳನೀರು ಮಾರುವ ಮುದುಕಿಯರು ಬೇಸತ್ತು ಹೇಳುವುದುಂಟು: "ಏಳ್ ಮಗಾ, ಮಕ್ಳನ್ನ್ ಕಡ್ಲ್ ಕಾಣತ್ತ್. ನೀ ಹೋಯಿ ಮಿಂದ್ ಬಾ." ಕೆಲವರು ಏಳುತ್ತಾರೆ. ಹೆಚ್ಚಿನವರು ನಕ್ಕು, ಚಪ್ಪಲಿಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ.