ಪಾಲಜ್ಜನ ಉಸಿರು ಉಳಿಸಿದ ಬುರುಜು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟದೆ ಇದ್ದಾಗ, ನಮ್ಮ ಪೇಟೆಗೆ ದನಗಳ್ಳರ ಕಾಟವಂತೆ. ಕಾಲಾಡಿಸ್ಬೇಡ, ಕೇಳು. ಕುದುರೆ ಮೇಲೆ ಬರೋರು, ದನ ಹೊಡ್ಕೊಂಡು ಹೋಗೋರು. ಪಾಲಜ್ಜ ಅಂತ ಒಬ್ಬ ಮುದಿ ಕಾವಲುಗಾರ ಇದ್ನಂತೆ, ಹರದಾರಿ ದೂರದಲ್ಲಿ ಧೂಳೆದ್ರೂ ಇದು ದನದ ಧೂಳು, ಇದು ಕುದುರೆ ಧೂಳು ಅಂತ ಹೇಳಿಬಿಡೋನಂತೆ. ಅಂಥ ಕಣ್ಣು ಊರಲ್ಲಿ ಇನ್ನೊಬ್ಬರಿಗಿರಲಿಲ್ಲ. ಅದಕ್ಕೇ ಪಾಳೇಗಾರ, ಕಲ್ಲುಕುಟಿಗ ಮಲ್ಲೋಜನ್ನ ಕರೆಸಿ, ಪಾಲಜ್ಜ ನಿಂತು ನೋಡೋಕೆ ಒಂದು ಬುರುಜು ಕಟ್ಟು ಅಂದ್ನಂತೆ.

ಮಲ್ಲೋಜನಿಗೆ ಮೂರು ಜನ ಮಕ್ಕಳು. ದೊಡ್ಡ ಮಗ ಮುಗಿಲು ಮುಟ್ಟೋ ಹಾಗೆ ಕಟ್ಟಿದ್ನಂತೆ, ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ. ಆಮೇಲೆ ಕಳ್ಳರು ಬಂದ್ರಂತೆ, ಊರಾಚೆ ನಾಯಿ ಬೊಗಳಿದ್ದು ಕೇಳಿ ಪಾಲಜ್ಜ ಊಟ ಬಿಟ್ಟೆದ್ದು, ಹತ್ತಿ ಹತ್ತಿ ತುದಿಗೆ ಹೋಗಿ, ಧೂಳು ಕಂಡು ಕೊಂಬು ಬಾಯಿಗಿಟ್ರೆ ಊದೋಕೆ ಉಸಿರೇ ಇಲ್ವಂತೆ, ಪುಸ್ ಅಂದಿತಂತೆ ಅಷ್ಟೇ. ದನ ಹೋದ್ವು. ಆಮೇಲೆ ಎರಡನೇ ಮಗ ಅದನ್ನ ಕೆಡವಿ ಗಿಡ್ಡಕೆ ಕಟ್ಟಿದ್ನಂತೆ. ಉಸಿರೇನೋ ಉಳೀತು, ಆದ್ರೆ ಎದುರಿಗೆ ಹುಣಸೆ ತೋಪು, ಧೂಳೇ ಕಾಣಲಿಲ್ಲ. ಮತ್ತೆ ದನ ಹೋದ್ವು. ಪಾಳೇಗಾರ ಕೆಂಡವಾಗಿ, ಇನ್ನೊಂದು ಸಲ ಕೆಟ್ರೆ ಗಂಟುಮೂಟೆ ಕಟ್ಕೊಂಡು ಊರು ಬಿಡಿ ಅಂದ್ನಂತೆ.

ಆಗ ಮಗಳು ಕೆಂಚಮ್ಮ, ಗಾರೆ ಹೊರೋಳು, ನಾನು ಕಟ್ತೀನಪ್ಪ ಅಂದ್ಲಂತೆ. ಅವಳು ಮಾಡಿದ್ದೇನು ಗೊತ್ತಾ? ಪಾಲಜ್ಜನ್ನ ಗೋಡೆ ಪಕ್ಕ ನಿಲ್ಲಿಸಿ, ಅಜ್ಜಾ, ನೋವಾಗದ ಹಾಗೆ ಕಾಲೆತ್ತು ಅಂದು, ಎತ್ತಿದಷ್ಟಕ್ಕೆ ಸುಣ್ಣದಲ್ಲಿ ಗೀಟು ಹಾಕಿದ್ಲಂತೆ. ಒಂದು ಗೇಣೂ ಇರಲಿಲ್ಲ. ಮೆಟ್ಟಿಲೆಲ್ಲ ಅದೇ ಅಳತೆ. ಬುರುಜು ದೊಡ್ಡಣ್ಣ ಕಟ್ಟಿದಷ್ಟೇ ಎತ್ತರ, ಆದ್ರೆ ಹನ್ನೆರಡು ಮೆಟ್ಟಿಲಿಗೊಂದು ಕಿಟಕಿ, ಕೂರೋಕೆ ಕಲ್ಲು ಜಗಲಿ, ನೀರಿನ ಕುಡಿಕೆಗೊಂದು ಗೂಡು. ಅಣ್ಣಂದಿರು, ಇದೇನು ಬುರುಜೋ ಮಾವನ ಮನೆಯೋ ಅಂತ ನಕ್ರಂತೆ.

ಆಮೇಲೆ ಕಳ್ಳರು ಮೂರನೇ ಸಲ ಬಂದ್ರು. ಪಾಲಜ್ಜ ಹತ್ತಿದ, ಕೂತ, ನೀರು ಕುಡಿದ, ಕಿಟಕೀಲಿ ನೋಡಿ ಇದು ಕುದುರೆ ಧೂಳೇ ಅಂದ್ಕೊಂಡು ಮತ್ತೆ ಹತ್ತಿದ. ಕೆಳಗೆ ಮಲ್ಲೋಜನಿಗೆ ಜೀವ ಬಾಯಿಗೆ ಬಂದಿತ್ತಂತೆ. ಅಷ್ಟರಲ್ಲಿ ತುದಿಯಿಂದ ಕೊಂಬು ಕೂಗ್ತಂತೆ, ಮೂರೂರಿಗೆ ಕೇಳೋ ಹಾಗೆ. ದನ ಒಳಗೆ ಬಂದ್ವು, ಕೋಟೆ ಬಾಗಿಲು ಹಾಕಿದ್ರು, ಕಳ್ಳರು ಬಂದ ದಾರೀಗೆ ಸುಂಕವಿಲ್ಲ ಅಂತ ತಿರುಗಿ ಹೋದ್ರಂತೆ. ಡೊಳ್ಳು ಹೊಟ್ಟೆ ಪಾಳೇಗಾರ ತಾನೂ ನೋಡ್ಬೇಕು ಅಂತ ಹತ್ತಿ, ಎರಡನೇ ಜಗಲೀಲಿ ಕೂತು, ಕುಡಿಕೆ ನೀರೆಲ್ಲ ಕುಡಿದು, ಮಲ್ಲೋಜಾ, ನೀವು ಎಲ್ಲಿಗೂ ಹೋಗ್ಬೇಡಿ ಅಂದ್ನಂತೆ.

ಬುರುಜಿನ ಕಲ್ಲಲ್ಲಿ ಪಾಳೇಗಾರನ ಹೆಸರಿದೆ, ಕೆಂಚಮ್ಮನ ಹೆಸರಿಲ್ಲ. ನನಗೆ ಅದಕ್ಕೆ ಸಿಟ್ಟೇ. ಆದ್ರೆ ಮೊನ್ನೆ ನಿನ್ನ ಕೈ ಹಿಡ್ಕೊಂಡು, ಈ ಮಂಡಿ ನೋವಲ್ಲೂ ನಾನು ತುದಿವರೆಗೆ ಹತ್ತಲಿಲ್ವಾ ಮಗಾ? ಅವಳು ಹಾಕಿಸಿದ ಜಗಲೀಲೇ ಅಲ್ವಾ ನಾವಿಬ್ರೂ ಕೂತು ಕಡಲೆಕಾಯಿ ತಿಂದಿದ್ದು?

ಕತೆ ಅಲ್ಲೇ ಜಗಲಿ ಮೇಲೆ ಕೂತ್ಕೊಂತು. ನೀನಿನ್ನು ಮಲಕ್ಕೋ.