ಕಾಡುಕೋಳಿಗೆ ಕಾದವರು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಈ ಮಠಕ್ಕೆ ಬಂದಾಗಿನಿಂದ ದಿನವೂ ಧ್ಯಾನಕ್ಕೆ ಕೂರುತ್ತಿದ್ದೇನೆ. ಶಾಂತಿ ಬಂತೇ, ಈಗಲಾದರೂ ಬಂತೇ ಎಂದು ನೋಡುತ್ತಲೇ ಇರುತ್ತೇನೆ. ಬರಲಿಲ್ಲ. ಊರಿಗೆ ಮರಳಿಬಿಡಲೇ?"

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಫೋಟೊಗ್ರಾಫರ್ ಇದ್ದ. ಹುಲಿ, ಆನೆ ಅವನಿಗೆ ಬೇಡ, ಕಾಡುಕೋಳಿ ಬೇಕು. ಚಿಕ್ಕಂದಿನಿಂದ ಅದರ ಕೂಗು ಕೇಳಿದ್ದ, ಹುಂಜವನ್ನು ಕಣ್ತುಂಬ ಕಂಡಿರಲಿಲ್ಲ. ಅದರ ಚಿತ್ರಕ್ಕೆಂದೇ ಮನೆಯ ಗೋಡೆಯಲ್ಲಿ ಜಾಗ ಬಿಟ್ಟಿದ್ದ. ಅಲ್ಲಿ ಕ್ಯಾಲೆಂಡರ್ ತೂಗುಹಾಕಲೂ ಹೆಂಡತಿಗೆ ಬಿಟ್ಟಿರಲಿಲ್ಲ.

ಅಭಯಾರಣ್ಯದಲ್ಲಿ ಕೋಳಿಗಳು ಮಣ್ಣಿನಲ್ಲಿ ಹೊರಳಲು ಬರುವ ಬಯಲೊಂದಿತ್ತು. ಅದರ ಅಂಚಿನಲ್ಲಿ ಹಸಿರು ಬಟ್ಟೆಯ ಮರೆ ಕಟ್ಟಿ ಕೂರಲು ಅವನು ಅನುಮತಿ ಪಡೆದ. ಕಾಡಿಗೆ ಒಬ್ಬರೇ ಹೋಗುವುದು ಬೇಡವೆಂದು ಹೆಂಡತಿ ತನ್ನ ತಮ್ಮನನ್ನು ಜೊತೆಗೆ ಕಳಿಸಿದಳು.

ಭಾವಮೈದುನ ಒಳ್ಳೆಯವನೇ. ಆದರೆ ಸುಮ್ಮನೆ ಕೂರುವವನಲ್ಲ. ಗಳಿಗೆಗೊಮ್ಮೆ ಕಿಂಡಿಗೆ ಕಣ್ಣಿಟ್ಟು "ಬಂತಾ ಭಾವ?" ಎನ್ನುವನು. ಕೋಳಿಗಳು ಪೊದೆಯಲ್ಲೇ ಇದ್ದವು. ಇವರು ಮರೆ ಹೊಕ್ಕದ್ದನ್ನು ಕಂಡಿದ್ದವು. ಪಿಸುಮಾತೂ ಅವಕ್ಕೆ ಕೇಳುತ್ತಿತ್ತು. ಹೀಗೆ ಅನುಮತಿಯ ಕೊನೆಯ ದಿನ ಬಂತು. ಫೋಟೊಗ್ರಾಫರನಿಗೆ ಅಳುವೇ ಬರುವಂತಾಯಿತು.

ಭಾವಮೈದುನ ಎದ್ದ. "ಈ ಕೋಳಿ ಬರೋ ಹೊತ್ತಿಗೆ ನಾನೇ ಮೊಟ್ಟೆ ಇಟ್ಟಿರ್ತೀನಿ ಭಾವ. ಗೇಟಿನ ಹತ್ರ ಟೀ ಕುಡ್ದು, ನಿಮಗೂ ತರ್ತೀನಿ" ಎಂದು ಹೊರಟ.

ಬಯಲಿನ ನಡುವೆಯೇ ದಾಪುಗಾಲು ಹಾಕಿ ಹೋದ. ಕೋಳಿಗಳಿಗೆ ಲೆಕ್ಕ ಬಾರದು. ಬಂದವರು ಹೋದರು ಎಂದುಕೊಂಡವು. ಮರೆಯೊಳಗೂ ಸದ್ದಿಲ್ಲ. ಮೊದಲು ಹೇಂಟೆಗಳು ಬಂದವು, ಹಿಂದೆಯೇ ಹುಂಜ. ಮಣ್ಣಿನಲ್ಲಿ ಹೊರಳಿತು, ರೆಕ್ಕೆ ಕೊಡವಿತು, ಕತ್ತು ನೀಡಿ ಕೂಗಿತು. ಫೋಟೊಗ್ರಾಫರ್ ಬೇಕಾದಷ್ಟು ಚಿತ್ರ ತೆಗೆದ. ಆಮೇಲೆ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದ. ಅಂಥ ಸುಖ ಅವನು ಹಿಂದೆಂದೂ ಕಂಡಿರಲಿಲ್ಲ.

ಭಾವಮೈದುನ ಟೀ ತಂದಾಗ ಬಯಲು ಬರಿದಾಗಿತ್ತು.

"ಬಂತಾ ಭಾವ?"

"ಬಂದಿತ್ತು. ಕೂತ್ಕೋ, ಟೀ ಆರುತ್ತೆ."

ಕತೆ ಕೇಳಿ ಶಿಷ್ಯ ನಕ್ಕ. "ಅವರು ಇಬ್ಬರಿದ್ದರು ಗುರುಗಳೇ. ನಾನು ಕೂರುವುದು ಒಬ್ಬನೇ ಅಲ್ಲವೇ?"

ಗುರುಗಳು ಹೇಳಿದರು: "ಮದುವೆಯಾಗದಿದ್ದರೂ ನಿನಗೊಬ್ಬ ಭಾವಮೈದುನ ಇದ್ದಾನೆ ಮಗು, 'ಬಂತೇ, ಬಂತೇ' ಎನ್ನುವ ಅವನನ್ನು ಮೊದಲು ಟೀಗೆ ಕಳಿಸು."